ಚಿತ್ರ ಮೂರು, ಬೆರಳು ಹನ್ನೆರಡು

ಪೇಟೆಂಟಿನ ಚಿತ್ರಕ್ಕೆ ನೆರಳು ಹಾಕುವಂತಿಲ್ಲ.
ಕಪ್ಪು ಶಾಯಿ, ಒಂದೇ ದಪ್ಪದ ಗೆರೆ, ಬಣ್ಣ ಕೂಡದು,
ಪ್ರತಿ ಭಾಗಕ್ಕೊಂದು ಅಂಕೆ, ಅಂಕೆಯಿಂದ ಭಾಗಕ್ಕೆ
ಸಪೂರದ ಒಂದು ಎಳೆ.
ಹಂಪನಕಟ್ಟೆಯ ಮೂರನೇ ಮಹಡಿಯಲ್ಲಿ
ಹಾಳೆ ಹಾರದಂತೆ ಮೂಲೆಗೊಂದು ವಾಶರ್ ಇಟ್ಟು
ಇಪ್ಪತ್ತಾರು ವರ್ಷ ನಾನು ಎಳೆದದ್ದು ಇಷ್ಟನ್ನೇ.

ಡೆನ್ಜಿಲ್ ಕ್ರಾಸ್ತಾ ಬಂದದ್ದು ಒಂದು ಶನಿವಾರ.
ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ, ಡಬ್ಬಿಯೊಳಗೆ ಗಾಜಿನ ಹಲ್ಲೆ,
ಗಾಜಿನ ಬೆನ್ನಿಗೆ ಕೂದಲಿಗಿಂತ ತೆಳ್ಳಗಿನ ತಂತಿಗಳು.
ಅಂಗಿ ತುಂಬ ಮೀನಿನ ವಾಸನೆ.
‘ಇಂಜಿನಿಯರ್ ಅಂದ್ರಲ್ಲ?’ ಅಂದೆ.
‘ಹೌದು ಮಾರಾಯ್ರೆ, ನಾಲ್ಕು ವರ್ಷದಿಂದ ಧಕ್ಕೆಯಲ್ಲೇ ಇದ್ದೇನೆ.’

ಧಕ್ಕೆಗೆ ಆಗ ಹೊಸ ತಕ್ಕಡಿ ಬಂದಿತ್ತಂತೆ.
ಗುಂಡಿ ಇಲ್ಲ, ಉಪ್ಪುಗಾಳಿ ತಿನ್ನಲು ಸ್ಪ್ರಿಂಗ್ ಇಲ್ಲ,
ಗಾಜು ಮುಟ್ಟಿದರೆ ಸಾಕು.
ಸುಂದರಿ ಪುತ್ರನ್ ಬೂತಾಯಿ ಬುಟ್ಟಿ ಇಟ್ಟು ಮುಟ್ಟಿದಳು.
ಮುಟ್ಟಿದಳು. ಸೆರಗಿಗೆ ಒರೆಸಿಕೊಂಡು ಮತ್ತೆ ಮುಟ್ಟಿದಳು.
ಸೆರಗೂ ಒದ್ದೆ.
ಹಿಂದಿನಿಂದ ಕಮಿಷನ್ನಿನವನು ಒಣ ಬೆರಳು ಚಾಚಿದ,
ತಕ್ಕಡಿಗೆ ತಟ್ಟನೆ ಜೀವ ಬಂತು.
‘ಕೈ ಚಂಡಿ ಆದ್ರೆ ನಾನು ಇಲ್ಲವಾ?’
ಅಂದಳಂತೆ, ತಕ್ಕಡಿಗೇ.

ತಕ್ಕಡಿ ಮಾರಲು ಬಂದವನು ಇವನೇ.

ಮಾರುವುದು ಬಿಟ್ಟ. ಬೋಳಾರದ ಮನೆಯ ಸ್ನಾನದ ಕೋಣೆಯಲ್ಲಿ
ಬೆಂಚು ಹಾಕಿ ಗಾಜಿಗೆ ನೀರು ಚಿಮುಕಿಸುತ್ತಾ ಕೂತ.
ಉಪ್ಪುನೀರು, ಐಸಿನ ನೀರು, ಮೀನು ತೊಳೆದ ನೀರು.
ಹೆಂಡತಿ ಸ್ನಾನಕ್ಕೆ ಪಕ್ಕದ ಮನೆಗೆ ಹೋದಳು.
ಕೊನೆಗೊಂದು ಬೆಳಗಿನ ಜಾವ ಅವನಿಗೆ ತೋಚಿದ್ದು ಇಷ್ಟು:
ನೀರಿಗೆ ನಡು ಎಂಬುದಿಲ್ಲ, ಬೆರಳಿಗೆ ಇದೆ.
ಆ ನಡುವನ್ನು ಹುಡುಕುವ ತಂತಿಯ ಬಲೆ, ಮೊದಲ ಪೇಟೆಂಟು.
ಎರಡನೆಯದು ಪರದೆ: ನಡುಮಧ್ಯಾಹ್ನದ ಬಿಸಿಲೊಡನೆ ಜಗಳಕ್ಕೆ ನಿಲ್ಲದೆ
ಬಿಸಿಲನ್ನೇ ಕಡ ತಗೊಂಡು ಅಂಕೆ ತೋರಿಸುವಂಥದ್ದು.

ಮೂರನೇ ಚಿತ್ರಕ್ಕೆ ಒಂದು ಬೆರಳು ಬೇಕಿತ್ತು.
ಸುಂದರಿ ಬಂದಳು, ಪ್ರತಿ ಮೆಟ್ಟಿಲಿಗೂ ಬೈಯುತ್ತಾ,
ತೋರುಬೆರಳನ್ನು ಹಾಳೆಯ ಪಕ್ಕ
ತೂಕಕ್ಕಿಟ್ಟಂತೆ ಇಟ್ಟಳು.
ಐಸಿಗೆ ಬಿಳಿಚಿ ನೆರಿಗೆಗಟ್ಟಿದ ತುದಿ,
ಗೆಣ್ಣಿನ ಕೆಳಗೆ ತೇಡೆ ಮೀನಿನ ಮುಳ್ಳು ಹೊಕ್ಕ ಕಲೆ,
ಎಳೆ ಚಂದ್ರನಷ್ಟು.
ಎಲ್ಲ ಬರೆದೆ. ವಕೀಲರು ಕನ್ನಡಕ ಏರಿಸಿದರು:
‘ಕಲೆ ತೆಗೀರಿ. ನಾವು ಕೇಳಿಕೊಂಡದ್ದರಲ್ಲಿ ಅದು ಇಲ್ಲ.’
ಬ್ಲೇಡಿನ ಮೂಲೆಯಿಂದ ಕೆರೆದೆ.
ನೆರಿಗೆಗಳನ್ನೂ ಕೆರೆದೆ.
ಉಳಿದದ್ದು ಯಾರದ್ದೂ ಅಲ್ಲದ ಬೆರಳು,
ಅದರ ಅಂಕೆ ಹನ್ನೆರಡು.

ಡೆನ್ಜಿಲ್ ಸಹಿ ಹಾಕುವಾಗ ಪೆನ್ನು ನಿಲ್ಲಿಸಿ ಕೇಳಿದ:
‘ಪ್ರಶ್ನೆ ಕೇಳಿದವಳ ಹೆಸರು ಎಲ್ಲಿ ಬರೆಯುವುದು?’
ವಕೀಲರು ಫಾರ್ಮನ್ನು ತಿರುಗಿಸಿ ತಿರುಗಿಸಿ ನೋಡಿದರು,
ನಿಜಕ್ಕೂ ಹುಡುಕಿದರು ಪಾಪ.

ಕಳೆದ ನವೆಂಬರಿಗೆ ಇಪ್ಪತ್ತು ವರ್ಷ ತುಂಬಿತು, ಹಕ್ಕು ಮುಗಿಯಿತು.
ಇನ್ನು ಯಾರು ಬೇಕಾದರೂ ಮಾಡಬಹುದು,
ಮಾಡುತ್ತಲೂ ಇದ್ದಾರೆ.
ನಾನು ಬಂಗುಡೆಗೆಂದು ಧಕ್ಕೆಗೆ ಹೋಗಿದ್ದೆ.
ಬಿಸಿಲಲ್ಲಿ ಹಸಿರು ಅಂಕೆಗಳು, ಸಾಲಾಗಿ ಹನ್ನೊಂದು ತಕ್ಕಡಿ,
ನಾಲ್ಕನೆಯದರ ಹಿಂದೆ ಅವಳು.
‘ಚಿತ್ರದವರಲ್ಲವಾ ನೀವು? ನನ್ನ ಬೆರಳನ್ನು ಎಲ್ಲಿಟ್ಟಿದ್ದೀರಿ?’
‘ಚೆನ್ನೈ ಆಫೀಸಿನಲ್ಲಿದೆ’ ಅಂದೆ.
‘ಅಷ್ಟು ದೂರ!’ ಅಂದಳು,
ಒದ್ದೆ ಬೆರಳಿನಿಂದ ಗಾಜು ಮುಟ್ಟಿ ಸೊನ್ನೆ ಮಾಡಿ
ಬಂಗುಡೆ ಸುರಿದಳು.
ಒಂದು ಕಿಲೋ ನಲವತ್ತು ಗ್ರಾಂ.
ಮೇಲಿನ ನಲವತ್ತನ್ನು ಅವಳು ಕಾಣದ ಹಾಗೆ ಕಟ್ಟಿದಳು,
ನಾನು ಕಂಡೆ.